ಸುಮ್ಮನಿರುವ ಕಾಲವಲ್ಲ: ಕರ್ನಾಟಕದ ಕನ್ನಡ ಸಭೆಗಳ ಹಿರಿಯರಿಗೆ ಬಹಿರಂಗ ಪತ್ರ

ಕರ್ನಾಟಕದ ಕನ್ನಡ ಪ್ರೊಟೆಸ್ಟಂಟ್ ಸಭೆಗಳ, ಅಂದರೆ ಚರ್ಚುಗಳ, ಮಾನ್ಯ ಬಿಷಪರು, ಸಭಾಪಾಲಕರು, ಸಭಾ ಹಿರಿಯರು ಮತ್ತು ಪಾಸ್ಟರೇಟ್ ಕಮಿಟಿಗಳ ಸದಸ್ಯರಿಗೆ,

ಮಾನ್ಯರೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿಮಗೆಲ್ಲರಿಗೂ ವಂದನೆಗಳು.

ನಾನು ಧಾರವಾಡ ಸೀಮೆಯ ಒಂದು ಕನ್ನಡ ಸಭೆಯ ಸಾಮಾನ್ಯ ಸದಸ್ಯೆ. ಬೋಧಕಳಲ್ಲ, ಯಾವ ಕಮಿಟಿಯ ಪದಾಧಿಕಾರಿಯೂ ಅಲ್ಲ. ಇಲ್ಲಿ ಬರೆಯುತ್ತಿರುವುದನ್ನು ಸಭೆಯ ವಾರ್ಷಿಕ ಕೂಟದಲ್ಲಿಯೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿ ಲೆಕ್ಕಪತ್ರ ಮತ್ತು ಚುನಾವಣೆಯ ಮಾತು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ ಎಂಬುದು ನಿಮಗೂ ಗೊತ್ತಿದೆ. ಬಹಿರಂಗವಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. ನಮ್ಮ ನಂಬಿಕೆಯ ವಿಷಯವನ್ನು ನಾವು ನಾವೇ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತ ಬಂದದ್ದರಿಂದಲೇ ನೆರೆಹೊರೆಯವರ ಗುಮಾನಿ ಬೆಳೆದಿದೆ. ಆದ್ದರಿಂದ ಈ ಪತ್ರವನ್ನು ಕ್ರೈಸ್ತರಲ್ಲದವರೂ ಓದಲಿ ಎಂಬುದು ನನ್ನ ಇಚ್ಛೆ.

ನನ್ನ ದೂರು ಇಷ್ಟೇ. ಜನ ಸಂಕಟದಲ್ಲಿದ್ದು, ಭರವಸೆ ಇಡಬಹುದಾದ ಯಾವುದಾದರೂ ಉಂಟೇ ಎಂದು ಬಾಯಿಬಿಟ್ಟು ಕೇಳುತ್ತಿರುವ ಹೊತ್ತಿನಲ್ಲಿಯೇ ನಮ್ಮ ಸಭೆಗಳು ಬಾಯಿ ಮುಚ್ಚಿಕೊಂಡಿವೆ. ಸೇವೆ ಮಾಡುತ್ತೇವೆ, ಆದರೆ ಯಾಕೆ ಮಾಡುತ್ತೇವೆಂದು ಹೇಳಲು ಅಂಜುತ್ತೇವೆ.

ಈ ಅಂಜಿಕೆ ಎಲ್ಲಿಂದ ಬಂತೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. 2021ರ ಅಕ್ಟೋಬರಿನಲ್ಲಿ ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಚರ್ಚುಗಳ ಸಮೀಕ್ಷೆಗೆ ಸೂಚಿಸಿತು. 2022ರ ಮೇ ತಿಂಗಳಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆಯ ಹೆಸರಿನಲ್ಲಿ ಸುಗ್ರೀವಾಜ್ಞೆ ಹೊರಟಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದು ಕಾಯ್ದೆಯಾಯಿತು. ಮತಾಂತರ ಹೊಂದುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಸಲ್ಲಿಸಬೇಕು, ಕಾನೂನುಬಾಹಿರ ಮತಾಂತರ ಮಾಡಿಸಿದವರಿಗೆ 3ರಿಂದ 5 ವರ್ಷ ಸೆರೆವಾಸ, ಮತಾಂತರಗೊಂಡವರು ಹೆಂಗಸರೋ ಅಪ್ರಾಪ್ತರೋ ಪರಿಶಿಷ್ಟ ಜಾತಿ-ಪಂಗಡದವರೋ ಆದರೆ 10 ವರ್ಷದವರೆಗೆ ಎಂದು ಅದರಲ್ಲಿ ಬರೆಯಲಾಗಿತ್ತು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡುವುದು, ಒಳ್ಳೆಯ ಬದುಕಿನ ಆಸೆ ಹುಟ್ಟಿಸುವುದು ಮುಂತಾದವೂ ಆಮಿಷದ ಪಟ್ಟಿಯಲ್ಲಿ ಸೇರಿದವು. 2023ರ ಮೇ ತಿಂಗಳಲ್ಲಿ ಬಂದ ಹೊಸ ಸಚಿವ ಸಂಪುಟ ಜೂನ್‌ನಲ್ಲಿ ಈ ಕಾಯ್ದೆಯನ್ನು ರದ್ದುಪಡಿಸುವ ತೀರ್ಮಾನ ಮಾಡಿತು. ಸರ್ಕಾರದ ಮನಸ್ಸು ಬದಲಾಯಿತು, ಆದರೆ ನಮ್ಮ ಮನಸ್ಸು ಬದಲಾಗಲಿಲ್ಲ. ಆ ಒಂದೆರಡು ವರ್ಷಗಳಲ್ಲಿ ಕೆಳಗಿಳಿಸಿದ ಪ್ರಾರ್ಥನಾ ಮಂದಿರದ ಫಲಕಗಳು ಕೆಲವು ಊರುಗಳಲ್ಲಿ ಇನ್ನೂ ಮೇಲೇರಿಲ್ಲ. ಡಿಸೆಂಬರಿನ ಕ್ಯಾರಲ್ ತಂಡಗಳು ಓಣಿ ಓಣಿ ತಿರುಗುವುದನ್ನು ಬಿಟ್ಟು ಸದಸ್ಯರ ಮನೆಗಳಿಗೆ ಮಾತ್ರ ಹೋಗಿ, ಬಾಗಿಲು ಹಾಕಿಕೊಂಡು ಹಾಡಿ ಬರುತ್ತಿವೆ.

ಅಂಜಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. 2008ರ ಸೆಪ್ಟೆಂಬರ್ 14ರ ರವಿವಾರ ಮಂಗಳೂರಿನಲ್ಲಿಯೂ ಸುತ್ತಣ ಊರುಗಳಲ್ಲಿಯೂ ಪ್ರಾರ್ಥನಾ ಸ್ಥಳಗಳ ಮೇಲೆ ನಡೆದ ದಾಳಿಗಳನ್ನು ಯಾರೂ ಮರೆತಿಲ್ಲ. 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ನಾವು ಕ್ರೈಸ್ತರೆಲ್ಲ ಸೇರಿ ಶೇಕಡಾ 1.87ರಷ್ಟು ಮಂದಿ. ಹಳ್ಳಿಯೊಂದರಲ್ಲಿ ಐದಾರು ಮನೆಯಿಟ್ಟುಕೊಂಡು ಬಾಳುವವರಿಗೆ ಧೈರ್ಯದ ಉಪದೇಶ ಮಾಡುವುದು ಪಟ್ಟಣದಲ್ಲಿ ಕುಳಿತು ಬರೆಯುವ ನನಗೆ ಸುಲಭ ಎಂಬುದೂ ಗೊತ್ತಿದೆ. ಅದಕ್ಕೇ ನನ್ನ ಮಾತು ಮೊದಲು ಹಳ್ಳಿಯಲ್ಲಿ ಕ್ರಿಸ್ತನ ಶುಭವಾರ್ತೆ ಸಾರುವ ಸುವಾರ್ತಿಕರಿಗಲ್ಲ, ಕಲ್ಲಿನ ಗೋಪುರವೂ ಟ್ರಸ್ಟೂ ವಕೀಲರೂ ಇರುವ ದೊಡ್ಡ ಸಭೆಗಳಿಗೆ. ಹೆಚ್ಚು ರಕ್ಷಣೆ ಇರುವವರೇ ಹೆಚ್ಚು ಮೌನವಾಗಿದ್ದಾರೆ. ಇದು ನನಗೆ ಅರ್ಥವಾಗದ ಸಂಗತಿ.

ಕೋವಿಡ್ ಎರಡನೆಯ ಅಲೆಯ 2021ರ ಏಪ್ರಿಲ್-ಮೇ ತಿಂಗಳುಗಳನ್ನು ನೆನಪಿಗೆ ತಂದುಕೊಳ್ಳಿ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಒಂದೇ ರಾತ್ರಿಯ ಆಸುಪಾಸಿನಲ್ಲಿ 24 ಜನ ತೀರಿಹೋದ ಸುದ್ದಿ ಬಂದ ದಿನಗಳವು. ನಮ್ಮ ಊರಿನಲ್ಲಿಯೂ ಹೆಣ ಮುಟ್ಟಲು ಬಂಧುಗಳೇ ಹಿಂಜರಿಯುತ್ತಿದ್ದಾಗ ಯುವಜನರ ಕೂಟದ ಹುಡುಗರು ಪಿಪಿಇ ಕಿಟ್ ತೊಟ್ಟು, ಜಾತಿ-ಧರ್ಮ ಕೇಳದೆ, ಸುಡುವವರದು ಸುಡುಗಾಡಿಗೆ, ಹೂಳುವವರದು ರುದ್ರಭೂಮಿಗೆ ಸಾಗಿಸಿಕೊಟ್ಟರು. ಅವರ ಮನೆಯ ಸಂಪ್ರದಾಯ ಏನಿದೆಯೋ ಅದರಂತೆಯೇ ನಡೆಯಲು ಅನುವು ಮಾಡಿಕೊಟ್ಟರು. ಒಂದು ದಿನ ಎಲ್ಲ ಮುಗಿದ ಮೇಲೆ ತೀರಿಕೊಂಡವರ ಮಗ ಆ ಹುಡುಗರಲ್ಲೊಬ್ಬನ ಕೈ ಹಿಡಿದು, "ನಮ್ಮ ಮಂದಿನ ಹತ್ರ ಬರಲಿಲ್ಲ, ನೀವ್ಯಾಕ ಬಂದ್ರೀ?" ಎಂದು ಕೇಳಿದ. ಹುಡುಗ ತಲೆ ತಗ್ಗಿಸಿ, "ಹಂಗ ಸುಮ್ನರೀ, ಸಮಾಜಸೇವಾ" ಎಂದ. ಯೇಸುವಿನ ಹೆಸರೆತ್ತಬೇಡಿ, ಯಾರಾದರೂ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟರೆ ಕಷ್ಟ ಎಂದು ಹಿರಿಯರು ಮೊದಲೇ ತಾಕೀತು ಮಾಡಿದ್ದರಂತೆ.

ಆ ಹುಡುಗನನ್ನು ನಾನು ದೂರುವುದಿಲ್ಲ. ಆ ಹೊತ್ತಿನಲ್ಲಿ ಅವನು ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಬೇಕಿತ್ತು ಎಂಬುದೂ ನನ್ನ ವಾದವಲ್ಲ; ಅಳುವವನ ಮುಂದೆ ಪ್ರಸಂಗ ಮಾಡುವುದು ನಾಚಿಕೆಗೇಡು. ಆದರೆ ಪ್ರಶ್ನೆ ಕೇಳಿದವನು ಆ ಮಗ. ಅವನಿಗೆ ನಿಜವಾದ ಉತ್ತರ ಸಲ್ಲಬೇಕಿತ್ತು. "ನಮ್ಮನ್ನು ಪ್ರೀತಿಸಿದ ಒಬ್ಬ ಕರ್ತನಿದ್ದಾನೆ, ಅದಕ್ಕೆ ಬಂದೆವು" ಎಂಬ ಒಂದು ವಾಕ್ಯ ಸಾಕಿತ್ತು. ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಕೊಡಿರಿ ಎಂದು ಯೇಸುವಿನ ಶಿಷ್ಯ ಪೇತ್ರನು ಬೈಬಲಿನಲ್ಲಿರುವ ತನ್ನ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಬರೆದದ್ದು ಹಿಂಸೆಗೆ ಗುರಿಯಾಗಿದ್ದ ಸಭೆಗಳಿಗೇ ಹೊರತು ಸುಖವಾಗಿದ್ದವರಿಗಲ್ಲ. ಆ ವಾಕ್ಯದ ಎರಡೂ ಭಾಗಗಳನ್ನು ನಾವು ಕಳೆದುಕೊಂಡಿದ್ದೇವೆ. ನಮ್ಮಲ್ಲಿ ಸಿದ್ಧತೆಯಿಲ್ಲ, ಮಾತಾಡುತ್ತಿರುವ ಕೆಲವರಲ್ಲಿ ಸಾತ್ವಿಕತ್ವವಿಲ್ಲ.

ಈ ಎರಡನೆಯವರ ಬಗ್ಗೆ ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಕ್ಷಮೆ ಇರಲಿ. ನಾವು ಖಾಲಿ ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ. ಇಂದು ನಮ್ಮ ಊರಿನ ಹೊಲಿಗೆ ಮಷಿನ್ನಿನ ಹೆಂಗಸರಿಂದ ಹಿಡಿದು ಆಟೋ ಓಡಿಸುವವರವರೆಗೆ ಎಲ್ಲರ ಮೊಬೈಲಿಗೂ ಒಬ್ಬ ಪ್ರವಾದಿ ಬರುತ್ತಾನೆ. ಅಭಿಷೇಕದ ಎಣ್ಣೆ ಹಚ್ಚಿದರೆ ಕ್ಯಾನ್ಸರ್ ವಾಸಿಯಾಗುತ್ತದೆ, ಮಾತ್ರೆ ಬಿಡಿ ಎನ್ನುತ್ತಾನೆ. ಕಾಣಿಕೆ ಕಳಿಸಿದರೆ ಸಾಲ ತೀರುತ್ತದೆ ಎನ್ನುತ್ತಾನೆ, ಕೆಳಗೆ ಹಣ ಕಳಿಸುವ ನಂಬರು ಕೊಡುತ್ತಾನೆ. ನಡುವೆ ಬೇರೆಯವರ ದೇವರುಗಳನ್ನು ಹಂಗಿಸುತ್ತಾನೆ. ಕ್ರೈಸ್ತ ನಂಬಿಕೆಯೆಂದರೆ ಇದೇ ಎಂದು ನೆರೆಯವರು ತಿಳಿದುಕೊಂಡರೆ ತಪ್ಪು ಯಾರದು? ಸುವಾರ್ತೆಯನ್ನು ಶಾಂತವಾಗಿ, ವಿವೇಕದಿಂದ, ಒಳ್ಳೆಯ ಕನ್ನಡದಲ್ಲಿ ಹೇಳಬಲ್ಲವರು ಸುಮ್ಮನಾದಾಗ ಕೂಗಾಡುವವರೇ ನಮ್ಮ ವಕ್ತಾರರಾದರು. ಅಂಥವರ ವಿಡಿಯೋಗಳನ್ನು ತೋರಿಸಿಯೇ ನಮ್ಮ ಮೇಲೆ ದೂರು ಕೊಡಲಾಗುತ್ತದೆ. ಆದರೂ ಇದು ಸುವಾರ್ತೆಯಲ್ಲ ಎಂದು ಬಹಿರಂಗವಾಗಿ ಹೇಳಿದ ಹಿರಿಯರನ್ನು ನಮ್ಮ ಕಡೆ ನಾನು ಕಂಡಿಲ್ಲ.

ಈಗಿನ ಸಂಕಟಗಳೇನು ಕಡಿಮೆಯೇ? 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಾಳದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಎಷ್ಟು ಬಂದವೆಂದರೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಅದಕ್ಕೆಂದೇ ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮ ಸ್ತ್ರೀಯರ ಕೂಟಕ್ಕೆ ಬರುವವರಲ್ಲಿಯೂ ಆ ಸಂಘಗಳ ಕಂತು ಕಟ್ಟುವವರಿದ್ದಾರೆ. ಅವರ ನೆರೆಮನೆಯವರೂ ಇದ್ದಾರೆ. ಇವರಿಗೆ ಹೇಳಲು ನಮ್ಮ ಬಳಿ ಏನೂ ಇಲ್ಲವೇ? ಶಿಲುಬೆಯ ಮೇಲೆ ಸೋತವನನ್ನು ದೇವರು ಎಬ್ಬಿಸಿದನೆಂದು ಈಸ್ಟರಿನ ಬೆಳಗಿನ ಜಾವದಲ್ಲಿ ಸ್ಮಶಾನದಲ್ಲಿ ನಿಂತು ಹಾಡುವ ನಾವು, ಸೋತು ಕುಳಿತ ನೆರೆಯವರ ಮುಂದೆ ಹವಾಮಾನದ ಮಾತಾಡಿ ಎದ್ದು ಬರುತ್ತೇವೆ.

ಬೈಬಲಿನ ಎರಡನೆಯ ಅರಸುಗಳ ಪುಸ್ತಕದ ಏಳನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿರಿ ಎಂದು ಬೋಧಕರನ್ನು ಕೇಳಿಕೊಳ್ಳುತ್ತೇನೆ. ಸಮಾರ್ಯ ಪಟ್ಟಣಕ್ಕೆ ಮುತ್ತಿಗೆ ಬಿದ್ದು ಒಳಗೆ ಘೋರ ಬರ. ಊರಬಾಗಿಲಿನ ಹೊರಗೆ ನಾಲ್ವರು ಕುಷ್ಠರೋಗಿಗಳು. ಹೇಗೂ ಸಾಯುವುದೇ ಎಂದು ಶತ್ರುಗಳ ಪಾಳೆಯಕ್ಕೆ ಹೋದರೆ ಅಲ್ಲಿ ಯಾರೂ ಇಲ್ಲ, ಡೇರೆಗಳ ತುಂಬ ಅನ್ನ. ಹೊಟ್ಟೆ ತುಂಬ ತಿಂದು, ಬೆಳ್ಳಿ-ಬಂಗಾರ ಬಚ್ಚಿಟ್ಟ ಮೇಲೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಾವು ಮಾಡುತ್ತಿರುವುದು ಸರಿಯಲ್ಲ, ಇದು ಶುಭವಾರ್ತೆಯ ದಿನ, ನಾವು ಸುಮ್ಮನಿದ್ದೇವಲ್ಲ ಎಂದುಕೊಳ್ಳುತ್ತಾರೆ. ಊರಿನಿಂದ ಹೊರಗಿಡಲ್ಪಟ್ಟವರೇ ಊರಿಗೆ ಬದುಕಿನ ಸುದ್ದಿ ತಂದರು. ನಮ್ಮ ಸಭೆಗಳಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳಿಂದ ಬಂದವರ ಮೊಮ್ಮಕ್ಕಳು. ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 1950ರ ರಾಷ್ಟ್ರಪತಿ ಆದೇಶದಿಂದಾಗಿ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಸಿಗುವುದಿಲ್ಲ ಎಂಬ ಕಾರಣಕ್ಕೆ ಕಾಗದದಲ್ಲಿ ಒಂದು, ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಬಾಳುವ ಅಣ್ಣತಮ್ಮಂದಿರ ಕಷ್ಟ ಬೇರೆಯೇ ವಿಷಯ. ಅವರ ಮೇಲೆ ಕಲ್ಲೆಸೆಯುವುದು ಈ ಪತ್ರದ ಉದ್ದೇಶವಲ್ಲ.

ಇನ್ನು ನಾವು ಆಮಿಷ ತೋರಿಸಿ ಮತಾಂತರ ಮಾಡುತ್ತೇವೆಂಬ ಆರೋಪ. ಇದನ್ನು ನುಣುಚಿಕೊಂಡು ಹೋಗಬಾರದು. 1876ರಿಂದ 1878ರವರೆಗಿನ ಮಹಾ ಬರದಲ್ಲಿ, ನಮ್ಮ ಅಜ್ಜಿಯರು ಧಾತು ಸಂವತ್ಸರದ ಬರ ಎನ್ನುತ್ತಿದ್ದ ಆ ಕಾಲದಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷವಿದ್ದದ್ದು 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ಮಿಶನರಿಗಳು ಗಂಜಿ ಹಂಚಿದರು, ಅನಾಥ ಮಕ್ಕಳನ್ನು ಸಾಕಿದರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ನಮ್ಮ ಕೆಲವು ಮನೆತನಗಳ ಬೇರು ಅಲ್ಲಿಯೇ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಶಾಲೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದದ್ದಕ್ಕೆ ಒಂದು ಕಾರಣ, ಕ್ರೈಸ್ತರಾದ ಕೂಡಲೇ ಜಾತಿಯಿಂದಲೂ ಕಸುಬಿನಿಂದಲೂ ಹೊರಬಿದ್ದವರಿಗೆ ಅನ್ನದ ದಾರಿ ಬೇಕಾಗಿತ್ತು. ಅದು ಕರುಣೆಯ ಕೆಲಸ ಎಂದು ನಾನು ನಂಬುತ್ತೇನೆ. ಆದರೆ ನಂಬಿಕೆಯೂ ಕೂಲಿಯೂ ಒಂದೇ ಕಾಂಪೌಂಡಿನೊಳಗೆ ಸೇರಿದ್ದರಿಂದ ಹುಟ್ಟಿದ ಸಂಶಯ ಇಂದಿಗೂ ಹೋಗಿಲ್ಲ ಎಂಬುದೂ ನಿಜ. ಇನ್ನು ಮುಂದೆ ಆ ಎರಡನ್ನೂ ನಾವು ಬೆರೆಸುವಂತಿಲ್ಲ. ದೇವರ ವರವನ್ನು ಹಣಕೊಟ್ಟು ಕೊಳ್ಳಬಂದ ಸೀಮೋನನನ್ನು ಪೇತ್ರನು ಗದರಿಸಿದನು. ಅಕ್ಕಿಕೊಟ್ಟು ಆತ್ಮ ಕೊಳ್ಳಹೊರಟವರಿಗೂ ಅದೇ ಗದರಿಕೆ ಸಲ್ಲುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದೂ ನಮ್ಮ ಬಹಳ ಮಂದಿಗೆ ತಿಳಿದಿಲ್ಲ, ಬೋಧಕರಿಗೂ. ಸಂವಿಧಾನದ 25ನೆಯ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಧರ್ಮವನ್ನು ನಂಬುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಪ್ರಚಾರದ ಹಕ್ಕನ್ನು ತೆಗೆಯಬೇಕೆಂಬ ಮಾತು ಬಂದಾಗ ಅದನ್ನು ಉಳಿಸಿಕೊಳ್ಳಬೇಕೆಂದು ವಾದಿಸಿದವರಲ್ಲಿ ಕೆ.ಎಂ. ಮುನ್ಶಿ, ಟಿ.ಟಿ. ಕೃಷ್ಣಮಾಚಾರಿ ಅಂಥವರಿದ್ದರು, ಅವರು ಕ್ರೈಸ್ತರಲ್ಲ. 1977ರಲ್ಲಿ ಸುಪ್ರೀಂ ಕೋರ್ಟು ಸ್ಟಾನಿಸ್ಲಾಸ್ ಪ್ರಕರಣದಲ್ಲಿ, ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ವಗಳನ್ನು ತಿಳಿಯಪಡಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ತೀರ್ಪಿತ್ತಿತು. ಈ ತೀರ್ಪಿನ ಬಗ್ಗೆ ನಮ್ಮವರು ಕಹಿಯಾಗಿ ಮಾತಾಡುವುದನ್ನು ಕೇಳಿದ್ದೇನೆ. ನನಗೇನೋ ಅದರಲ್ಲಿ ದೊಡ್ಡ ಅಡ್ಡಿ ಕಾಣುವುದಿಲ್ಲ. ಮನಸ್ಸು ತಿರುಗಿಸುವುದು ಪವಿತ್ರಾತ್ಮನ ಕೆಲಸ ಎಂದು ನಾವೇ, ಯುವಜನರನ್ನು ಸಭೆಯ ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳುವ ಮುನ್ನ ನಡೆಸುವ ದೃಢೀಕರಣದ ತರಗತಿಯಲ್ಲಿ ಕಲಿಸುತ್ತೇವೆ. ತಿಳಿಯಪಡಿಸುವುದಷ್ಟೇ ನಮ್ಮ ಪಾಲಿನದು, ಮತ್ತು ಆ ಪಾಲನ್ನು ಯಾವ ನ್ಯಾಯಾಲಯವೂ ಕಿತ್ತುಕೊಂಡಿಲ್ಲ. ನಾವಾಗಿಯೇ ಬಿಟ್ಟುಕೊಟ್ಟಿದ್ದೇವೆ.

ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ದೇಸಿಯಸ್ ಸಭೆಯನ್ನು ಹಿಂಸಿಸಿದ. ಅದರ ಬಿಸಿ ಆರುವ ಮೊದಲೇ ಉತ್ತರ ಆಫ್ರಿಕದ ಕಾರ್ಥೇಜಿಗೆ ಮಹಾಮಾರಿ ಬಂತು. ಅಲ್ಲಿಯ ಬಿಷಪರಾಗಿದ್ದ ಸಿಪ್ರಿಯನ್ ಸಭೆಯನ್ನು ಕೂಡಿಸಿ, ನಮ್ಮವರನ್ನು ಮಾತ್ರ ಆರೈಕೆ ಮಾಡಿದರೆ ಅದೇನು ಹೆಚ್ಚಳ, ನಮ್ಮನ್ನು ಹಿಂಸಿಸಿದವರಿಗೂ ಒಳ್ಳೆಯದನ್ನು ಮಾಡಬೇಕೆಂಬ ಅರ್ಥದ ಮಾತಾಡಿದರೆಂದು ಅವರ ಜೊತೆಗಿದ್ದ ಪೊಂತಿಯಸ್ ಬರೆದಿಟ್ಟಿದ್ದಾನೆ. ಸಭೆ ಹಾಗೆಯೇ ಮಾಡಿತು. ಯಾಕೆ ಮಾಡುತ್ತಿದ್ದೇವೆಂಬುದನ್ನೂ ಸಿಪ್ರಿಯನ್ ಮುಚ್ಚಿಡಲಿಲ್ಲ; ಸಾವಿನ ನಡುವೆ ಭರವಸೆಯೆಂದರೇನು ಎಂಬುದನ್ನು ಕುರಿತು ಬರೆದರು, ಬೋಧಿಸಿದರು. 258ರಲ್ಲಿ ಅವರ ತಲೆ ಕಡಿಯಲಾಯಿತು. ಹಿರಿಯರೇ, ನಮ್ಮ ಮೇಲೆ ಅಷ್ಟು ದೊಡ್ಡ ಕಷ್ಟ ಬಂದಿಲ್ಲ.

ನಮ್ಮಲ್ಲಿ ಒಂದು ರೂಢಿ ಬೆಳೆದಿದೆ. ಯಾರಾದರೂ ನಮ್ಮನ್ನು ಪರಕೀಯರೆಂದರೆ ಸಾಕು, ಬಾಸೆಲ್ ಮಿಶನ್ನಿನ ಕಿಟೆಲ್ಲರ 1894ರ ಕನ್ನಡ ನಿಘಂಟನ್ನೂ ಮೋಗ್ಲಿಂಗರ ಪತ್ರಿಕೆಯನ್ನೂ ಮುಂದಿಟ್ಟು ಬಚಾವಾಗುತ್ತೇವೆ. ನವೆಂಬರ್ ಬಂತೆಂದರೆ ಮಾಲೆ ಹಾಕುತ್ತೇವೆ. ಕನ್ನಡಕ್ಕೆ ಅವರು ಮಾಡಿದ್ದು ದೊಡ್ಡದು, ಆದರೆ ಅದು ನಮ್ಮ ವಾಸ್ತವ್ಯದ ಪ್ರಮಾಣಪತ್ರವಲ್ಲ. ಅವರ ಕೆಲಸ ತೋರಿಸಿ ನಮ್ಮ ಬಾಯಿಗೆ ಬಿಡುವು ಕೊಡುವುದು ಅವರಿಗೇ ಅನ್ಯಾಯ. 1843ರ ಜುಲೈ 1ರಂದು ಹೊರಬಂದ ಮೋಗ್ಲಿಂಗರ ಆ ಪತ್ರಿಕೆ, ಮಂಗಳೂರು ಸಮಾಚಾರದಲ್ಲಿ ಊರ ಸುದ್ದಿಯೂ ಸರ್ಕಾರದ ಆಜ್ಞೆಗಳೂ ಕಥೆಗಳೂ ಇದ್ದವು. ಅದನ್ನು ಹೊರಡಿಸಿದವರು ತಾವು ಯಾರೆಂಬುದನ್ನು ಬಚ್ಚಿಟ್ಟಿರಲಿಲ್ಲ. ನನಗೆ ಇನ್ನೂ ಹತ್ತಿರದ ಮಾದರಿ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಬೋಧಕರಾಗಿದ್ದ ಅವರು ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಲಿಂಗಾಯತ ಮಠಗಳವರೂ ಶಾಸ್ತ್ರಿಗಳೂ ಅವರೊಡನೆ ವಾದಿಸಿದರು, ಗೌರವಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕ್ರಿಸ್ತನಲ್ಲಿ ತಮಗಿದ್ದ ನಂಬಿಕೆಯನ್ನು ಅವರು ಒಂದು ದಿನವೂ ಅಡಗಿಸಲಿಲ್ಲ. ನೆರೆಯವರ ಒಳ್ಳೆಯದನ್ನು ಮನಸಾರೆ ಓದಿದವನಿಗೆ ತನ್ನದನ್ನು ಹೇಳುವ ಧೈರ್ಯವೂ ಮರ್ಯಾದೆಯೂ ತಾನಾಗಿ ಬರುತ್ತದೆ ಎಂಬುದಕ್ಕೆ ಅವರ ಬಾಳೇ ಸಾಕ್ಷಿ. ನಮ್ಮ ದೇವಶಾಸ್ತ್ರ ಕಾಲೇಜುಗಳಿಂದ ಹೊರಬರುವ ಎಷ್ಟು ಬೋಧಕರು ಇಂದು ಒಂದು ವಚನವನ್ನು ತಪ್ಪಿಲ್ಲದೆ ಹೇಳಬಲ್ಲರು?

ಇದೆಲ್ಲದರ ಮೇಲೆ ನನ್ನ ವಿನಂತಿಗಳನ್ನು ಮುಂದಿಡುತ್ತೇನೆ. ಪ್ರತಿಯೊಂದು ಸಭೆಯೂ, ಅದು ನಡೆಸುವ ಪ್ರತಿಯೊಂದು ಶಾಲೆ, ಆಸ್ಪತ್ರೆ, ವಸತಿನಿಲಯವೂ, ಇಲ್ಲಿ ಸಿಗುವ ನೆರವಿಗೆ ಯಾರೂ ತಮ್ಮ ಧರ್ಮವನ್ನು ಬಿಡಬೇಕಿಲ್ಲ, ಪ್ರಾರ್ಥನೆಗೆ ಕೂಡ್ರಬೇಕಿಲ್ಲ ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಲ್ಲಿ ಹಾಕಲಿ. ಅದರ ಕೆಳಗೆಯೇ, ನಾವು ಈ ಕೆಲಸ ಮಾಡುವುದು ಯೇಸು ಕ್ರಿಸ್ತನಲ್ಲಿ ನಂಬಿಕೆಯಿಟ್ಟಿರುವುದರಿಂದ, ಆ ಬಗ್ಗೆ ತಿಳಿಯಬಯಸುವವರು ಕೇಳಬಹುದು ಎಂದೂ ಇರಲಿ. ಮೊದಲನೆಯ ವಾಕ್ಯವಿಲ್ಲದೆ ಎರಡನೆಯದಕ್ಕೆ ಬೆಲೆಯಿಲ್ಲ, ಎರಡನೆಯದಿಲ್ಲದೆ ಮೊದಲನೆಯದು ಅರ್ಧ ಸತ್ಯ. ನೆರವಿನ ಲೆಕ್ಕವನ್ನೂ ಕ್ರೈಸ್ತರಾಗುವವರ ದೀಕ್ಷಾಸ್ನಾನದ ದಾಖಲೆಯನ್ನೂ ಬೇರೆ ಬೇರೆ ಕೈಗಳು ನೋಡಿಕೊಳ್ಳಲಿ. ಎರಡನ್ನೂ ಕೇಳಿದವರಿಗೆ ತೋರಿಸಲು ಸಿದ್ಧರಿರಿ. ಸಂಕಟದ ಬಿಸಿಯಲ್ಲಿ ದೀಕ್ಷಾಸ್ನಾನ ಕೇಳಿ ಬಂದವರನ್ನು ಅವಸರದಿಂದ ನೀರಿಗಿಳಿಸದೆ, ಮನಸ್ಸು ತಿಳಿಯಾಗುವವರೆಗೆ ಕಾಯಿರಿ.

ವಿಶ್ವಾಸಿಗಳಿಗೆ ಮಾತಾಡಲು ಕಲಿಸಿರಿ. ಆರಾಧನೆಯ ನಂತರ ಅರ್ಧ ಗಂಟೆ ಕೂತು, ನಮ್ಮ ನಂಬಿಕೆಯನ್ನು ಓಣಿಯ ಕನ್ನಡದಲ್ಲಿ, ಯಾರನ್ನೂ ಹಳಿಯದೆ, ನಾಲ್ಕು ವಾಕ್ಯಗಳಲ್ಲಿ ಹೇಳುವ ಅಭ್ಯಾಸ ಮಾಡಿಸಿರಿ. 25ನೆಯ ವಿಧಿಯನ್ನೂ ಅದರ ಮಿತಿಗಳನ್ನೂ ವಕೀಲರೊಬ್ಬರಿಂದ ವಿವರಿಸಿರಿ. ಬೇರೆ ಧರ್ಮದವರ ದೇವರುಗಳನ್ನು ಪ್ರಸಂಗಪೀಠದಿಂದಾಗಲಿ ಮೊಬೈಲಿನಿಂದಾಗಲಿ ಹೀಯಾಳಿಸುವವರು, ಔಷಧ ಬಿಡಿಸುವವರು ನಮ್ಮ ಸಭೆಯ ವೇದಿಕೆಗೆ ಬರಕೂಡದೆಂದು ಬರೆದು ತೀರ್ಮಾನಿಸಿರಿ. ಸುಗ್ಗಿಯ ಹಬ್ಬಕ್ಕೂ ಕ್ರಿಸ್ಮಸ್ಸಿಗೂ ಓಣಿಯವರನ್ನು, ಠಾಣೆಯವರನ್ನು, ಮಠದವರನ್ನು, ಮಸೀದಿಯವರನ್ನು ಹೆಸರಿಟ್ಟು ಕರೆಯಿರಿ. ಬಂದವರು ಇಡೀ ಆರಾಧನೆಯನ್ನು ಕೂತು ನೋಡಲಿ. ಗುಟ್ಟೇನೂ ಇಲ್ಲದ ಮನೆಗೆ ಬಾಗಿಲು ತೆರೆದಿಡಲು ಭಯವೇಕೆ? ಹಳ್ಳಿಯಲ್ಲಿ ಸುವಾರ್ತಿಕನ ಮೇಲೆ ಕೇಸು ಬಿದ್ದಾಗ ಅವನು ನಮ್ಮ ಪಂಗಡದವನಲ್ಲ ಎಂದು ದೊಡ್ಡ ಸಭೆಗಳು ಕೈತೊಳೆದುಕೊಳ್ಳುವುದನ್ನೂ ನಿಲ್ಲಿಸಬೇಕು. ಅವನು ತಪ್ಪು ಮಾಡಿದ್ದರೆ ತಪ್ಪೆಂದು ಹೇಳಿರಿ. ಮಾಡಿಲ್ಲದಿದ್ದರೆ ಅವನ ಪಕ್ಕದಲ್ಲಿ ನಿಲ್ಲಿರಿ.

ಹಿಂದೆ ಬೈಬಲ್ ವುಮನ್ ಎಂದು ಕರೆಸಿಕೊಳ್ಳುತ್ತಿದ್ದ ಹೆಂಗಸರು ಮನೆಮನೆಗೆ ಹೋಗಿ, ಹೊಸಿಲಲ್ಲಿ ಕೂತು, ಅಕ್ಷರ ಕಲಿಸಿ, ಕಷ್ಟ ಕೇಳಿ ಬರುತ್ತಿದ್ದರು. ಅವರ ಸಂಬಳ ನಿಂತು ಎಷ್ಟೋ ಕಾಲವಾಯಿತು. ಕಾಂಪೌಂಡಿನ ಆಸ್ತಿ ವ್ಯಾಜ್ಯಕ್ಕೆ ವಕೀಲರ ಫೀಸು ಮಾತ್ರ ನಿಂತಿಲ್ಲ. ಆ ಫೀಸಿನ ಒಂದು ಪಾಲಿನಲ್ಲಿ ಪ್ರತಿ ಪಾಸ್ಟರೇಟಿನಲ್ಲಿ ಇಬ್ಬರು ಹೆಂಗಸರನ್ನು, ಸಾಲ, ಸಾವು, ಕುಡಿತದ ಮನೆಗಳಿಗೆ ಹೋಗಿ ಕಿವಿಗೊಡಲು ನೇಮಿಸಬಹುದು. ಅವರು ಹೆಚ್ಚು ಕೇಳಲಿ, ಕೇಳಿದಾಗ ಮಾತ್ರ ಹೇಳಲಿ, ಆದರೆ ಕೇಳಿದಾಗ ಹೇಳದೆ ಬರಬಾರದು.

ಈ ವಿನಂತಿಗಳನ್ನು ಕ್ರಿಸ್ಮಸ್ಸಿಗೆ ಮುಂಚೆ ಬರುವ ಆಗಮನ ಕಾಲಕ್ಕೆ ಮೊದಲು, ಬಿಷಪರ ಪ್ರಾಂತ್ಯಗಳ ಆಡಳಿತ ಮಂಡಳಿಗಳಾದ ಡಯಾಸಿಸನ್ ಕೌನ್ಸಿಲ್ಲುಗಳ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದೂ, ತೀರ್ಮಾನ ಏನೇ ಆಗಲಿ ಅದನ್ನು ಸಭೆಗಳಲ್ಲಿ ಓದಿ ತಿಳಿಸಬೇಕೆಂದೂ ಕೋರುತ್ತೇನೆ. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಎಂಬುದನ್ನು ಇದೇ ರೀತಿ ಬಹಿರಂಗವಾಗಿ ಬರೆಯಿರಿ. ನಾನು ಓದುತ್ತೇನೆ, ನನ್ನ ನೆರೆಮನೆಯವರಿಗೂ ಓದಿ ಹೇಳುತ್ತೇನೆ.

ಕರ್ತನ ಸೇವೆಯಲ್ಲಿ,
ನಿಮ್ಮ ಸಭೆಗಳಲ್ಲೊಂದರ ಸದಸ್ಯೆ,
ಧಾರವಾಡ ಜಿಲ್ಲೆ